ನನ್ನ ಮೂತ್ರಪಿಂಡದ ನಿದ್ದೆಗಾರ

ಇಸವಿ ೨೧೯೧, ಹದಿಮೂರನೆಯ ತಿಂಗಳ ಎರಡನೆಯ ಮಂಜುವಾರ
ತುಂಗಭದ್ರೆಯ ಹಿನ್ನೀರಿನ ಮೇಲೆ ತೇಲುವ ಊರು

ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ ಗಂಗಿಮಾಳವ್ವನ ಶರಣು.

ಇಂಥ ತಿಂಗಳೂ ವಾರವೂ ನಿನ್ನ ಕಾಲದಲ್ಲಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ; ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ನಿಮ್ಮಿಂದ ಇಳಿದು ಬಂದದ್ದೊಂದು ನನ್ನೊಳಗಿತ್ತು, ಅದರ ಸುದ್ದಿ ನಿನಗೆ ಹೇಳಲೇಬೇಕು. ನಾವು ಅದನ್ನು ನಿದ್ದೆಗಾರ ಎನ್ನುತ್ತೇವೆ. ನಿಮ್ಮ ವೈದ್ಯರು ಪಾಲಿಯೋಮಾ ವೈರಸ್ ಎನ್ನುತ್ತಿದ್ದರಂತೆ. ಎಳೆಗೂಸಿದ್ದಾಗಲೇ ಮನೆಯವರಿಂದ ಮೈಸೇರಿ, ಮೂತ್ರಪಿಂಡದಲ್ಲಿ ಚಾಪೆ ಹಾಸಿ, ಜನ್ಮವಿಡೀ ಮಲಗಿರುತ್ತದೆ. ನಾನು ಎಪ್ಪತ್ತು ವರ್ಷ ಅದನ್ನು ಹೊತ್ತು ತಿರುಗಿದೆ, ಒಂದು ಕೆಮ್ಮೂ ಬರಲಿಲ್ಲ.

ಹೋದ ವರ್ಷ ಮೊಮ್ಮಗಳು ಸುರಗಿಯ ಎರಡೂ ಮೂತ್ರಪಿಂಡ ಸೋತವು. ನನ್ನದೊಂದನ್ನು ಕೊಟ್ಟೆ; ಅದರೊಳಗೆ ಮಲಗಿದ್ದ ನಿದ್ದೆಗಾರನೂ ಅವಳ ಮೈ ಸೇರಿದ. ಅತಿಥಿಯಾಗಿ ಬಂದ ಆ ಮೂತ್ರಪಿಂಡವನ್ನು ಮೈ ಕಚ್ಚದಿರಲೆಂದು ಅವಳು ದಿನಾ ಕಾವಲಿಳಿಕೆ ಎಂಬ ಗುಳಿಗೆ ನುಂಗಬೇಕು. ಮೈಯೊಳಗಿನ ಕಾವಲುಗಾರರನ್ನು ಅದು ತೂಕಡಿಸುವಂತೆ ಮಾಡುತ್ತದೆ.

ಇಲ್ಲಿ ಬೆಳಗು ಬಹಳ ನಿಧಾನ. ಹಗ್ಗ ಕಟ್ಟಿದ ಮನೆಗಳು ಮಂಜಿನಲ್ಲಿ ಒಂದಕ್ಕೊಂದು ಭುಜ ತಾಗಿಸಿ ತೇಲುತ್ತವೆ. ಸೂರಿನ ಗೂಡುಗಳಲ್ಲಿ ಹಳದಿ, ನೀಲಿ ಪುಟ್ಟ ಗಿಳಿಗಳು. ಅವು ಉಲಿಯುವವರೆಗೆ ಯಾರೂ ಒಲೆ ಹಚ್ಚುವುದಿಲ್ಲ. ಈ ಸಲ ನಮ್ಮ ಮರಿಗಳಿಗೆ ಗರಿಯೇ ಮೂಡಲಿಲ್ಲ. ಹೊಟ್ಟೆ ಊದಿ, ಬೆತ್ತಲೆಯಾಗಿ, ಕನಸು ಕಾಣುವಂತೆ ಕಣ್ಣು ಮುಚ್ಚಿ ಸತ್ತವು. ಅದೇ ತಿಂಗಳು ಸುರಗಿಯ ರಕ್ತದಲ್ಲಿ ನಿದ್ದೆಗಾರ ಕಂಡ. ಎದ್ದು, ಮನೆ ತುಂಬ ಮಕ್ಕಳು ಮಾಡಿಕೊಂಡು, ಮಲಗಿದ್ದ ಗೋಡೆಯನ್ನೇ ಕೆಡವುತ್ತಿದ್ದ.

ಪಕ್ಕದ ಮನೆಯ ಶಿವಗಂಗವ್ವ ಬಾಗಿಲಲ್ಲೇ ನಿಂತು, "ನಿಮ್ಮ ಹಕ್ಕಿ ಜಡ್ಡ ಹುಡುಗೀಗೆ ಹತ್ತೇತಿ ನೋಡಬೇ. ಎಲ್ಲಾನೂ ನೀರಿಗೆ ಒಗಿ" ಎಂದಳು. ನಾನು ಹಕ್ಕಿಗಳನ್ನು ಬುಟ್ಟಿಗೆ ತುಂಬಿ ಎತ್ತಿಯೂ ಆಗಿತ್ತು. ಸುರಗಿಯನ್ನು ನೋಡಲು ಬಂದಿದ್ದ ವೈದ್ಯೆ ಹಜರಾಬಿ ನನ್ನ ಕೈ ಹಿಡಿದಳು: "ಹಕ್ಕೀದು ಇದರ ದಾಯಾದಿ, ಖರೆ. ಆದ್ರ ಅದು ಹಕ್ಕಿ ಬಿಟ್ಟು ಮನಷ್ಯಾರ ಕಡೆ ಬರಂಗಿಲ್ಲ. ಇಕಿ ಮೈಯಾಗ ಗುಳಿಗಿ ಹೆಚ್ಚಾಗೇತಿ. ಯಾರು ಕೊಟ್ರಿ?"

ಏನು ಹೇಳಲಿ ತಾಯಿ! ನಮ್ಮಲ್ಲಿ ಒಂದೇ ಸಲ ಬಡಿಸಿ ಕೈ ಬಿಡುವುದು ಉಂಡವರಿಗೆ ಮಾಡುವ ಅವಮಾನ, ಎರಡನೆಯದು ಬೀಳಲೇಬೇಕು. ಹುಡುಗಿ ಸೊರಗಿದ್ದಾಳೆಂದು ದಿನಾ ಅವಳ ಗಂಜಿಯಲ್ಲಿ ಇನ್ನೊಂದು ಗುಳಿಗೆ ಅರೆದು ಹಾಕುತ್ತಿದ್ದೆ. ನನ್ನ ಮೂತ್ರಪಿಂಡ ಭದ್ರವಾಗಿರಲೆಂದು, ನಾನೇ ಅದರ ಕಾವಲು ಕಿತ್ತಿದ್ದೆ.

ಹೇಳಿದೆ. ಸುರಗಿ ನನ್ನನ್ನೇ ನೋಡಿದಳು. "ಔಷಧಕ್ಕೂ ಎರಡನೇ ಬಡಿಸೂದೇನ ಯಮ್ಮಾ?" ಎಂದು ನಕ್ಕಳು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆಗಾರನಿಗೆ ನೇರ ಮದ್ದು ಈ ಕಾಲದಲ್ಲೂ ಇಲ್ಲ. ಹಜರಾಬಿ ಗುಳಿಗೆ ಇಳಿಸಿದ್ದಾಳೆ. ಕಾವಲುಗಾರರು ಎದ್ದು ಅವನನ್ನು ಮಲಗಿಸಬೇಕು, ಆದರೆ ಅತಿಥಿಯನ್ನು ಕಚ್ಚಬಾರದು. ನನ್ನಲ್ಲಿ ಉಳಿದ ಇನ್ನೊಂದು ಮೂತ್ರಪಿಂಡವನ್ನೂ ಕೊಡುತ್ತೇನೆಂದೆ. "ಸಾಯ್ತೀಯೇನ ಮುದುಕಿ" ಎಂದು ಸುರಗಿ ಬೈದಳು.

ಮೂರು ವಾರದಲ್ಲಿ ಅವಳ ರಕ್ತದಲ್ಲಿ ನಿದ್ದೆಗಾರನ ಸಂಖ್ಯೆ ಅರ್ಧಕ್ಕೆ ಇಳಿದಿದೆ. ಕೊಟ್ಟ ಮೂತ್ರಪಿಂಡ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಿನ್ನನ್ನು ದೂರಲು ಬರೆಯಲಿಲ್ಲ. ನೀನು ಮಗುವನ್ನು ಎತ್ತಿ ಮುದ್ದಾಡಿದ್ದಕ್ಕೇ ನಾವೆಲ್ಲ ಇದ್ದೇವೆ. ನಿಮ್ಮ ಊರಿನಲ್ಲಿ ಬೇರೆಯವರ ಅಂಗ ಹೊತ್ತು ಬದುಕುವವರಿದ್ದರೆ ಅವರ ಮನೆಗೆ ಹೋಗು. ಔಷಧ ಕೊಡುವ ಕೈಯನ್ನು ಹಿಡಿದು, ವೈದ್ಯರಿಗೆ ಹೇಳದೆ ಏನಾದರೂ ಮಾಡಿದ್ದೀರಾ ಎಂದು ಕೇಳು. ಬೈಯಬೇಡ. ಬೈದರೆ ನನ್ನಂಥವರು ಬಾಯಿ ಬಿಡುವುದಿಲ್ಲ.