ಅಪ್ಪನ ದಡಿ, ನಿನ್ನ ಕಸ

ಬನಹಟ್ಟಿ
೮ ಮಾರ್ಚ್ ೨೦೦೯, ರವಿವಾರ

ಪ್ರೀತಿಯ ಅಣ್ಣಾ,

ಜೈ ಜಿನೇಂದ್ರ. ಹುಬ್ಬಳ್ಳಿಯಲ್ಲಿ ಹೇಗಿದ್ದೀ? ಎದೆಯುರಿ ಕಡಿಮೆಯಾಯಿತೇ? ಖಾನಾವಳಿಯ ಮೆಣಸಿನಕಾಯಿ ಚಟ್ನಿ ಬಿಡು ಎಂದು ಅವ್ವ ಹೇಳಿದ್ದಾಳೆ. ರಾತ್ರಿ ಮಜ್ಜಿಗೆ ಕುಡಿದು ಮಲಗಬೇಕಂತೆ. ಕೇಳಬೇಕಾದ ಕ್ಷೇಮವನ್ನೆಲ್ಲ ಕೇಳಿ ಮುಗಿಸಿದೆ. ಇನ್ನು ಮುಂದಿನದನ್ನು ಸಿಟ್ಟಿನಲ್ಲಿಯೇ ಬರೆಯುತ್ತೇನೆ. ಫೋನಿನಲ್ಲಿ ಹೇಳಹೋದರೆ ಕೆಲಸದಲ್ಲಿದ್ದೇನೆ ಎಂದು ನಡುವೆಯೇ ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದು.

ನೀನು ಕಳಿಸಿದ ಪತ್ರಿಕೆ ಬುಧವಾರ ಬಂತು. ತಿಂಗಳಿಗೊಂದು ಸಣ್ಣ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಛಲೋ ಇದೆಯೋ ಇಲ್ಲವೋ ಎಂದು ನೀನು ಬರೆಯುವ ಪುಟವನ್ನು ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇಲ್ಲದವರೂ ಓದುತ್ತಾರೆ, ಏಕೆಂದರೆ ಅಪ್ಪ ಓದಿಸುತ್ತಾನೆ. ಈ ಸಲ ಕಂಪ್ಯೂಟರಿನ ಕಸ ಗುಡಿಸುವ ತಂತ್ರಾಂಶವೊಂದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದೀ. ‘ದೀಪಾವಳಿ ರಜೆಯಲ್ಲಿ ಪರಿಚಯದವರೊಬ್ಬರ ಹಳೆಯ ಕಂಪ್ಯೂಟರಿನಲ್ಲಿ ಪ್ರಯೋಗಿಸಿದೆ. ಆರು ತಿಂಗಳಿಂದ ಯಾರೂ ತೆರೆಯದ ಕಡತಗಳನ್ನು ತಾನೇ ಹುಡುಕಿ ಅಳಿಸಿ, ಚಹಾ ಕುಡಿಯುವಷ್ಟರಲ್ಲಿ ಜಾಗ ತೆರವು ಮಾಡಿತು. ಉಪಯೋಗದ ಒಂದು ಕಡತವೂ ಹೋಗಲಿಲ್ಲ’ ಎಂದು ಬರೆದಿದ್ದೀ. ಯಾರಣ್ಣಾ ಆ ಪರಿಚಯದವರು? ಪಕ್ಕದಲ್ಲಿ ಪರದೆಯ ಚಿತ್ರವನ್ನೂ ಅಚ್ಚು ಹಾಕಿಸಿದ್ದೀಯಲ್ಲ, ಅಪ್ಪನ ಎಳೆ ಎಣಿಸುವ ಭೂತಗನ್ನಡಿ ಹಿಡಿದು ನಾನು ಅದನ್ನು ನೋಡಿದೆ. ಅಳಿಸಬೇಕಾದ ಕಡತಗಳ ಸಾಲಿನಲ್ಲಿ ಸುಂದರವ್ವ, ಗುರುಬಾಯಿ, ಗಿರಿಮಲ್ಲಪ್ಪ ಎಂಬ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತವೆ. ಸೀರೆಯ ದಡಿ ಬರೆಸಿಕೊಂಡ ಮನೆಯವರ ಆ ಹೆಸರುಗಳನ್ನು ಟೈಪ್ ಮಾಡಿದವಳು ನಾನು. ನೀನು ಕುಡಿದ ಆ ಚಹಾ ಮಾಡಿಕೊಟ್ಟವಳೂ ನಾನೇ.

ಸೀರೆಯ ಅಂಚಿನ ದಡಿಗೆ ನಕ್ಷೆ ಬರೆದುಕೊಡುವ ಮನೆಯಲ್ಲಿ ಹುಟ್ಟಿದವನು ನೀನು. ಒಂದು ಮನೆಯ ಮದುವೆಗೆಂದು ಬರೆದ ದಡಿಯನ್ನು ಇನ್ನೊಂದು ಮನೆಗೆ ಕೊಡುವ ರೂಢಿ ನಮ್ಮಲ್ಲಿಲ್ಲ. ಅಕ್ಕನ ದಡಿ ತಂಗಿಗೆ. ಆ ತಂಗಿಯ ಮದುವೆ ಗೊತ್ತಾಗುವವರೆಗೆ ಅದನ್ನು ಯಾರೂ ತೆರೆಯುವುದಿಲ್ಲ, ನಡುವೆ ನಾಲ್ಕು ವರ್ಷವಾಗಲಿ, ಎಂಟು ವರ್ಷವಾಗಲಿ. ಮುಟ್ಟದೆ ಇಟ್ಟಿದ್ದೇವೆ ಎಂದರೆ ಜತನವಾಗಿ ಇಟ್ಟಿದ್ದೇವೆ ಎಂದೇ ಅರ್ಥ. ನಿನ್ನ ನಾಲ್ಕೂವರೆ ನಕ್ಷತ್ರದ ಕಸಬರಿಗೆಗೆ ಇದು ಗೊತ್ತಿಲ್ಲದಿದ್ದರೆ ನಡೆಯುತ್ತದೆ. ನಿನಗೆ ಗೊತ್ತಿತ್ತು. ಅಪ್ಪ ಪಡಸಾಲೆಯಲ್ಲಿದ್ದ, ನಾನು ಒಲೆಯ ಮುಂದಿದ್ದೆ. ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇದು ಮೊದಲನೆಯ ಸಲವೂ ಅಲ್ಲ. ನಕ್ಷೆಯಂತೆ ತೂತು ಹೊಡೆದು ಮಗ್ಗಕ್ಕೆ ಏರಿಸುವ ರಟ್ಟುಗಳನ್ನೂ ಅಪ್ಪನ ಗ್ರಾಫ್ ಹಾಳೆಗಳನ್ನೂ ಅಟ್ಟದಿಂದ ಇಳಿಸಿ ರದ್ದಿಗೆ ಹಾಕಿಸಿದವನೂ ನೀನೇ. “ಇಲಿಗೆ ಹಾಸಿಗಿ ಮಾಡಿ ಇಟ್ಟೀಯೇನಪಾ? ಎಲ್ಲಾ ಕಂಪ್ಯೂಟರ್‌ನ್ಯಾಗ ಐತಲ್ಲ” ಎಂದಿದ್ದೆ ನೀನು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೂ ಮಗ ಹೇಳಿದ ಎಂದು ಅರವತ್ತು ದಾಟಿದ ಮೇಲೆ ಮೌಸ್ ಹಿಡಿಯಲು ಕಲಿತ. ಮೊದಮೊದಲು ಅದನ್ನು ಮಗ್ಗದ ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡಿಸುತ್ತಿದ್ದ. ನಾನು, ಅವ್ವ ಬಿದ್ದು ಬಿದ್ದು ನಗುತ್ತಿದ್ದೆವು. ಕಡೆಗೆ ನನಗಿಂತ ಚೊಕ್ಕಾಗಿ ಕಲಿತ. ಮೊದಲು ರಟ್ಟು ಕಸವಾಯಿತು. ಆಮೇಲೆ ಅದರ ಬದಲಿಗೆ ಬಂದದ್ದೂ ಕಸವಾಯಿತು.

ಸಂಕ್ರಾಂತಿಯ ಮರುವಾರ ರಬಕವಿಯ ಸುಂದರವ್ವ ಬಂದಳು. ಕಿರಿಯ ಮಗಳ ಮದುವೆ ವೈಶಾಖದಲ್ಲಿ ಗೊತ್ತಾಗಿದೆ, ಹಿರಿಯಳು ರಾಧಿಕಾಳ ದಡಿ ತೆಗೆದುಕೊಡಿ ಎಂದಳು. ಅಪ್ಪ ಖುಷಿಯಿಂದ ಕಂಪ್ಯೂಟರ್ ಹಚ್ಚಿದ. ಮದುವೆ ದಡಿಗಳ ಫೋಲ್ಡರ್ ಖಾಲಿ ಇತ್ತು. ಹಿಂದಿನ ದಿನ ಕಂಪ್ಯೂಟರ್ ನಿಂತುಬಿಟ್ಟಾಗ ಅವನು ಗಾಬರಿಯಲ್ಲಿ ಯಾವುದೋ ಕೀ ಒತ್ತಿದ್ದನಂತೆ; ಅದರಿಂದಲೇ ಎಲ್ಲ ಹೋಯಿತು ಎಂದು ತಿಳಿದ. ನಾನೂ ಹಾಗೆಯೇ ತಿಳಿದು, ಹೋಗಲಿ ಬಿಡು ಎಂದು ಸಮಾಧಾನ ಹೇಳಿದೆ. ಅವನು ಸುಂದರವ್ವನ ಮುಂದೆ ಕೈ ಜೋಡಿಸಿದ. “ನಂದ ತಪ್ಪಾತವಾ. ನಿಮ್ಮ ಮನಿ ದಡಿ ನನ್ನ ಕೈಯಾಗ ಹಾಳಾತು” ಅಂದ. ನಲವತ್ತು ವರ್ಷದಿಂದ ದಡಿ ಬರೆದವನು, ಅಣ್ಣಾ. ಅವತ್ತಿನಿಂದ ಆ ಕುರ್ಚಿಯಲ್ಲಿ ಕುಳಿತಿಲ್ಲ. ರಾಧಿಕಾ ಮುಧೋಳದಿಂದ ತನ್ನ ಮದುವೆ ಸೀರೆಯನ್ನೇ ಕಳಿಸಿದ್ದಾಳೆ, ಎಳೆ ಎಣಿಸಿ ಹೊಸದಾಗಿ ಬರೆಯಬಹುದು. ದಡಿಯ ಬಳ್ಳಿ ಬರೆಯುವವರೆಗೆ ನನಗೆ ಬರುತ್ತದೆ, ಅದು ಸೆರಗಿನ ಕಡೆ ತಿರುಗುವಲ್ಲಿ ಅಪ್ಪನೇ ಬೇಕು. ಕರೆದರೆ ಕೈಗಳನ್ನು ಬಗಲಲ್ಲಿ ಅಡಗಿಸಿಕೊಂಡು, ನನ್ನ ಕೈ ನಂಬಬ್ಯಾಡ ಎನ್ನುತ್ತಾನೆ. ವೈಶಾಖಕ್ಕೆ ದಡಿ ಆಗುತ್ತದೋ ಇಲ್ಲವೋ, ಅದು ಆಮೇಲಿನ ಮಾತು. ಅವನು ಹೀಗೆಯೇ ಕೈ ಬಿಟ್ಟು ಕುಳಿತರೆ ಬಹಳ ದಿನ ಬಾಳಲಾರ ಎಂದು ನನಗೆ ಹೆದರಿಕೆಯಾಗಿದೆ.

ನಿನ್ನಂತೆ ನಾನೂ ತಂತ್ರಾಂಶ ಹಾಕಿ ನೋಡಿದೆ, ಅಳಿಸಿಹೋದದ್ದನ್ನು ಮರಳಿ ತರುವಂಥವು. ನಿನ್ನ ಪುಟಕ್ಕೆ ಬೇಕಾದರೆ ಅಚ್ಚು ಹಾಕಿಸು. ಮೊದಲನೆಯದು ಎಲ್ಲ ಸಿಕ್ಕಿದೆ ಎಂದು ಆಸೆ ಹುಟ್ಟಿಸಿ, ತೆರೆಯಹೋದರೆ ಕೊಂಡುಕೊಳ್ಳಿ ಎಂದಿತು. ಎರಡನೆಯದು ಕಂಪ್ಯೂಟರನ್ನೇ ಮಲಗಿಸಿತು. ಮೂರನೆಯದು ಸುಂದರವ್ವನ ಹೆಸರನ್ನು ತಂದುಕೊಟ್ಟಿತು. ತೆರೆದರೆ ಬರಿ ಬಿಳಿ ಹಾಳೆ. ದೀಪಾವಳಿಯಿಂದ ಅದೇ ಜಾಗದ ಮೇಲೆ ದಿನವೂ ಬೇರೆ ನಕ್ಷೆ ಬರೆದಿದ್ದೇನೆ, ಇನ್ನೇನು ಉಳಿದೀತು? ನಕ್ಷತ್ರ ಯಾವುದಕ್ಕೂ ಇಲ್ಲ.

ಅಪ್ಪ ನಿನ್ನ ಲೇಖನವನ್ನು ಬಸದಿಯ ಕಟ್ಟೆಯ ಮೇಲೆ ಕುಳಿತು ಹತ್ತು ಜನಕ್ಕೆ ಓದಿ ಹೇಳಿದ. ‘ಉಪಯೋಗದ ಒಂದು ಕಡತವೂ ಹೋಗಲಿಲ್ಲ’ ಎಂಬಲ್ಲಿಗೆ ಬಂದಾಗ, “ನೋಡ್ರಿ, ನನ್ನ ಮಗ ಎಷ್ಟ ಹುಷಾರಿಲೆ ಮಾಡ್ತಾನ” ಅಂದನಂತೆ. ಚಿತ್ರದೊಳಗಿನ ಸಣ್ಣ ಅಕ್ಷರ ಅವನಿಗೆ ಕಂಡಿಲ್ಲ, ಪರಿಚಯದವರು ಯಾರೆಂದೂ ತಿಳಿದಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಬೇಕಾದವನು ನೀನು. ಫೋನಿನಲ್ಲಿ ಬೇಡ, ಬಂದು ಅವನ ಎದುರು ಕುಳಿತು ಹೇಳು.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಸಿಟ್ಟು ಹಾಗೆಯೇ ಇದೆ.

ನಿನ್ನ ತಂಗಿ,
ಕ್ಷಮಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದ. ಅಣ್ಣನಿಗೆ ಬರೆಯುತ್ತಿದ್ದೇನೆ ಎಂದೆ, ಏನು ಬರೆದೆ ಎಂದು ಕೇಳಲಿಲ್ಲ. ತನ್ನದೂ ಒಂದು ಮಾತು ಸೇರಿಸು ಎಂದು ಬಾಗಿಲಲ್ಲೇ ನಿಂತು ಹೇಳಿದ. ಹೇಳಿದ ಹಾಗೆಯೇ ಬರೆಯುತ್ತೇನೆ: “ತಮ್ಮಾ, ಮುದುಕ ಏನೋ ತಪ್ಪು ಒತ್ಯಾನ, ಮದಿವಿ ದಡಿ ಎಲ್ಲಾ ಹೋಗ್ಯಾವ. ಸಿಟ್ಟಾಗಬ್ಯಾಡ. ಹ್ವಾದದ್ದನ್ನ ತಿರುಗಿ ತರೂವಂಥಾ ಸಣ್ಣದೊಂದು ಪ್ರೋಗ್ರಾಂ ನಿನ್ನ ಕಡೆ ಇದ್ದರ, ಊರಿಗೆ ಬರೂವಾಗ ತಗೊಂಡು ಬಾ.”