ಶಿರಾಕ್ಕೆ ಒಯ್ದ ತಟ್ಟೆ

ಮಧುಗಿರಿ
18-11-2024, ಸೋಮವಾರ

ಪ್ರೀತಿಯ ಸಹನಾ,

ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮಾನವೂ ಮುಕ್ಕಾಲು ಪಾಲು ಉಳಿದಿದೆ. ಮೊದಲು ಪೂರ್ತಿ ಓದು, ಆಮೇಲೆ ಸಿಟ್ಟಾಗು. ಶಿರಾದಲ್ಲಿ ನಿನಗೆ ಗಂಡು ನೋಡಿ ಬಂದರಂತೆ ಎಂದು ಬಳಗದಲ್ಲಿ ಯಾರಾದರೂ ಧಾರವಾಡಕ್ಕೆ ಫೋನು ಹಚ್ಚುವ ಮೊದಲೇ ನಾನು ಬರೆಯುತ್ತಿದ್ದೇನೆ. ಶಿರಾಕ್ಕೆ ಹೋದದ್ದು ನಿಜ. ತಟ್ಟೆ ತುಂಬ ಹಣ್ಣು, ಕಾಯಿ, ವೀಳ್ಯದೆಲೆ ಒಯ್ದದ್ದೂ ನಿಜ. ಆದರೆ ಹೋದದ್ದು ನಿನಗೆ ಗಂಡು ಕೇಳಲಿಕ್ಕಲ್ಲ, ನನಗೆ ಗಿಟಾರ್ ಮೇಷ್ಟ್ರನ್ನು ಕೇಳಲಿಕ್ಕೆ. ಪಿಎಚ್‌ಡಿ ಮುಗಿಯುವ ತನಕ ಮದುವೆ ಮಾತೆತ್ತಬಾರದು ಎಂದು ನೀನು ಆಣೆ ಹಾಕಿಸಿಕೊಂಡದ್ದು ನನಗೆ ಮರೆತುಹೋಗಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಎಲ್ಲಾ ಶುರುವಾದದ್ದು ನಿನ್ನಿಂದಲೇ. ಬೇಸಿಗೆಯಲ್ಲಿ ಬಂದವಳು ದಿನವಿಡೀ ಬರೆಯುತ್ತಾ ಫೋನಿನಲ್ಲಿ ಆ ಗಿಟಾರ್ ಹಾಕಿಕೊಂಡಿರುತ್ತಿದ್ದೆ. ಹುಣಸೆಹಣ್ಣು ಬಿಡಿಸುತ್ತಾ ನಾನು ಕೇಳಿದೆ, ಯಾರೂ ಹಾಡುತ್ತಿಲ್ಲವಲ್ಲ, ಇದೆಂಥ ಹಾಡೇ ಅಂತ. ಜಾಜ್ ಅಂತ ನೀನು ಅಂದೆ. ನೀನು ಹೊರಟುಹೋದೆ, ಅದು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಮಾತಾಡುತ್ತಾ ಬೇರೆ ಬೀದಿಗೆ ಹೊರಳಿದವರು ಸುತ್ತಾಡಿಕೊಂಡು ಮತ್ತೆ ಸರಿಯಾಗಿ ಮನೆಬಾಗಿಲಿಗೇ ಬಂದು ನಿಂತ ಹಾಗಿತ್ತು. ಐವತ್ತು ದಾಟಿದ ಮೇಲೆ ಏನಾದರೂ ನನಗೆ ಬೇಕೇಬೇಕು ಅನ್ನಿಸಿದ್ದು ಅದೇ ಮೊದಲು ಕಣೇ. ತುಮಕೂರಿಗೆ ಹೋಗಿ ಗಿಟಾರ್ ತಂದೆ. ನಿಮ್ಮಪ್ಪ ನೋಡಿ, "ಶಾಲೇಲಿ ಮಕ್ಕಳ ಗಲಾಟೆ ಸಾಲ್ದಾ ನಿಂಗೆ?" ಅಂದರು.

ವಿಡಿಯೊ ನೋಡಿ ಕಲಿಯಲು ಹೋದೆ. ಆ ಹುಡುಗ ಬೆರಳು ಎಲ್ಲಿಟ್ಟ ಎಂದು ಕನ್ನಡಕ ಸರಿ ಮಾಡಿಕೊಳ್ಳುವಷ್ಟರಲ್ಲಿ ಪಾಠ ಮುಗಿದು ಜಾಹೀರಾತು ಬರುತ್ತಿತ್ತು. ಇಲ್ಲೇ ಮಕ್ಕಳಿಗೆ ಹೇಳಿಕೊಡುವವರೊಬ್ಬರ ಹತ್ತಿರ ಹೋದೆ. "ಆಂಟಿ, ಜಾಜ್ ಗೀಜ್ ಎಲ್ಲ ಯಾಕೆ, ನಾಕು ಭಾವಗೀತೆ ಕಲ್ತ್ಕಳಿ, ಮಹಿಳಾ ಮಂಡಳೀಲಿ ನುಡಿಸ್ಬೋದು" ಅಂದರು. ಮೈಯೆಲ್ಲ ಉರಿದುಹೋಯಿತು. ಎದ್ದು ಬಂದೆ.

ಆಮೇಲೆ ಗೊತ್ತಾದದ್ದು ಶಿರಾದ ನವೀನ್ ಕುಮಾರ್ ಹೆಸರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಜಾಜ್ ನುಡಿಸಿ ಈಗ ಊರಿನ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾರೆ. ಫೋನು ಮಾಡಿದೆ. ಯಾರನ್ನೂ ಸೇರಿಸಿಕೊಳ್ಳುತ್ತಿಲ್ಲ, ಬಂದವರೆಲ್ಲ ತಿಂಗಳಿಗೇ ಬಿಟ್ಟುಹೋಗುತ್ತಾರೆ ಎಂದು ಮೆತ್ತಗೆ ಹೇಳಿ ಇಟ್ಟುಬಿಟ್ಟರು. ಈ ಸುತ್ತಿನಲ್ಲಿ ಇನ್ನೊಬ್ಬರು ಸಿಕ್ಕುವುದಿಲ್ಲ. ಇವರೂ ಇಲ್ಲ ಎಂದರೆ ಗಿಟಾರ್ ಅಟ್ಟಕ್ಕೆ ಸೇರಬೇಕಷ್ಟೆ. ಎದುರಿಗೇ ಹೋಗಿ ಕೇಳೋಣ, ಮೇಷ್ಟ್ರ ಮನೆಗೆ ಬರಿಗೈಯಲ್ಲಿ ಹೋಗುವುದು ಬೇಡ ಎಂದು ತಟ್ಟೆ ಜೋಡಿಸಿದೆ. ನಿಮ್ಮಪ್ಪನಿಗೆ ಮಂಡಿ ನೋವು, ನಿಮ್ಮ ರೇಣುಕಯ್ಯ ಮಾವನನ್ನು ಕರೆದುಕೊಂಡು ಹೋದೆ. ಎಡವಟ್ಟಾದದ್ದು ಅಲ್ಲೇ! ನಮ್ಮಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ತಟ್ಟೆ ಮುಂದಿಟ್ಟುಕೊಂಡು ಯಾರ ಮನೆಯಲ್ಲಿ ಕೂತರೂ ಅದು ಸಂಬಂಧ ಕುದುರಿಸಲಿಕ್ಕೇ ಎಂದು ಶಿರಾಕ್ಕೆಲ್ಲ ಗೊತ್ತು.

ಕೂತವನು ಗಂಟಲು ಸರಿಮಾಡಿಕೊಂಡು, "ನಮ್ ಗಂಗಾಂಬಿಕಂಗೆ ಒಂದಾಸೆ ಐತೆ, ತಾವು ಇಲ್ಲ ಅನ್ಬಾರ್ದು" ಎಂದು ಶುರು ಮಾಡಿದ. ನವೀನ್ ಅವರ ತಾಯಿಯ ಮುಖ ಅರಳಿತು. ಕಾಫಿ ಬಂತು, ಕೇಸರಿಬಾತ್ ಬಂತು. ಎಷ್ಟು ಮಕ್ಕಳು ಎಂದು ಕೇಳಿದರು, ಒಬ್ಬಳೇ ಮಗಳು ಎಂದೆ. ಏನು ಓದಿದ್ದಾಳೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮಣ್ಣ, "ಎಮ್ಮೆಸ್ಸಿ ಆಗಿ ಪಿಎಚ್ಡಿ ಮಾಡ್ತಾವ್ಳೆ, ಬೋ ಒಳ್ಳೆ ಹುಡ್ಗಿ" ಅಂದ. ಮಾತಿಗೆ ಕೇಳುತ್ತಿದ್ದಾರೆ ಎಂದುಕೊಂಡು ನಾನು ನಗುನಗುತ್ತಾ ಕೇಸರಿಬಾತ್ ತಿನ್ನುತ್ತಿದ್ದೆ. ಫೋಟೊ ತಂದಿದ್ದೀರಾ ಎಂದಾಗಲೇ ಚಮಚ ಕೈಯಿಂದ ಜಾರಿದ್ದು. ಅಷ್ಟರಲ್ಲಿ ಈ ಪುಣ್ಯಾತ್ಮ ಫೋನಿನಲ್ಲಿ ನಿನ್ನ ಫೋಟೊ ತೆಗೆದು ತೋರಿಸಿಯೇಬಿಟ್ಟಿದ್ದ! ಒಗ್ಗಿದ ಕೈ ನೋಡು.

ಕಲಿಯುವವಳು ನಾನು, ಬಂದದ್ದು ಗಿಟಾರಿಗೆ ಎಂದು ತಡವರಿಸುತ್ತಾ ಹೇಳಿದೆ. ಒಳಕೋಣೆಯಲ್ಲಿ ಯಾರೋ ಗೊಳ್ಳೆಂದು ನಕ್ಕರು. ತಾಯಿ ಬಲವಂತಕ್ಕೆ ಹಾಕಿಸಿದ ಹೊಸ ಅಂಗಿಯಲ್ಲಿ ನವೀನ್ ಕುಮಾರ್ ಹೊರಗೆ ಬಂದರು. ಅವರಿಗೂ ಮದುವೆ ಬೇಡವಂತೆ. ಆ ತಾಯಿಯ ಬಾಡಿದ ಮುಖ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇನ್ನು ಪಾಠ ಎಲ್ಲಿಯದು ಎಂದು ಎದ್ದೆ, ಕಣ್ಣಲ್ಲಿ ನೀರು ಬಂತು. ನಿನ್ನ ಚಿಕ್ಕಮ್ಮನಿಗೆ, ಅತ್ತೆಯರಿಗೆ, ಬಳಗದವರ ಮಕ್ಕಳಿಗೆಲ್ಲ ತಟ್ಟೆ ಹೊತ್ತವಳು ನಾನು. ನನಗೋಸ್ಕರ ಹೊತ್ತದ್ದು ಅದೊಂದೇ ಸಹನಾ. ಅದನ್ನೂ ಅವರೆದುರು ಹೇಗೋ ಬಾಯಿಬಿಟ್ಟು ಹೇಳಿಬಿಟ್ಟೆ.

ಆ ತಾಯಿ ಒಳಗೆ ಹೋಗಿ ಮಗನ ಜಾತಕ ತಂದು ನನ್ನ ಕೈಗಿಟ್ಟರು. "ಬಂದದ್ದು ಬಂದ್ರಿ, ಇದೊಂದು ನೋಡ್ಸಿ ಏಳಿ. ಕೂಡ್ಬಂದ್ರೆ ಬೀಗ್ರಾಗವ. ಬರ್ನಿಲ್ವಾ, ಪಾಠ ಏಳ್ಕೊಡ್ತಾನೆ ಬುಡಿ" ಅಂದರು. ಮೇಷ್ಟ್ರು ತಾಯಿಯ ಮಾತಿಗೆ ತಲೆಯಾಡಿಸಿದರು.

ಗುರುವಾರ ನಮ್ಮ ಅಯ್ಯನವರ ಹತ್ತಿರ ತೋರಿಸಿದೆ. ಕೂಡಿ ಬರಲಿಲ್ಲ ಎಂದು ಆ ತಾಯಿಗೆ ಫೋನು ಮಾಡಿ ತಿಳಿಸಿದೆ. ಅವರು ಒಂದು ನಿಟ್ಟುಸಿರು ಬಿಟ್ಟು, "ಋಣ ಇಲ್ಲ ಬುಡಿ, ಭಾನ್ವಾರ ಬನ್ನಿ" ಅಂದರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನೀನೂ ಈಗ ಉಸಿರು ಬಿಡು.

ನಿನ್ನೆ ಮೊದಲ ಪಾಠ. ಒಳ್ಳೆಯ ಮೇಷ್ಟ್ರು ಹೇಗಿರುತ್ತಾರೆ ಎಂದು ನನಗೆ ನಿನ್ನೆ ಗೊತ್ತಾಯಿತು. ಮೊದಲಿಗೆ ಗಿಟಾರ್ ಚೀಲದಿಂದ ತೆಗೆಯಲೂ ಬಿಡಲಿಲ್ಲ. ನಿಮ್ಮ ತಲೆಯಲ್ಲಿರುವುದನ್ನು ಗುನುಗಿ ಅಂದರು. ನಿನ್ನ ಫೋನಿನ ಆ ರಾಗವನ್ನು ನಾಚಿಕೊಂಡು ಗುನುಗಿದೆ. ನಗಲಿಲ್ಲ. ಕಣ್ಣು ಮುಚ್ಚಿ ಕೇಳಿ, ಅದನ್ನೇ ನುಡಿಸಿ ತೋರಿಸಿದರು. ಆಮೇಲೆ ಚಪ್ಪಾಳೆ. ಭಜನೆಯ ಅಭ್ಯಾಸಕ್ಕೆ ನನ್ನ ಕೈ ಮೊದಲನೆಯ ಪೆಟ್ಟಿಗೇ ಬೀಳುತ್ತದೆ, ಇದರಲ್ಲಿ ಎರಡನೆಯ ಪೆಟ್ಟಿಗೂ ನಾಲ್ಕನೆಯದಕ್ಕೂ ಬೀಳಬೇಕಂತೆ. ಆಮೇಲಷ್ಟೇ ಗಿಟಾರ್ ಹೊರಗೆ ತೆಗೆಸಿದರು. ಗಾಜಿನ ಬಳೆ ಅದಕ್ಕೆ ತಾಗಿ ಸದ್ದಾಗುತ್ತಿತ್ತು. ತೆಗೆಯಬೇಕೇ ಎಂದು ಅಳುಕುತ್ತಾ ಕೇಳಿದೆ. "ಇರ್ಲಿ ಬಿಡಿ ಮೇಡಂ, ಆ ಸದ್ದೂ ಎರಡು ನಾಕಕ್ಕೇ ಬಂದ್ರೆ ಸಾಕು" ಅಂದರು. ಕೊನೆಗೆ ಮೂರೇ ತಂತಿ ಒತ್ತಿ ಒಂದು ಸ್ವರಮೇಳ ನುಡಿಸಿದೆ. ಅದೇ ಕಣೇ, ಬೇಸಿಗೆಯಲ್ಲಿ ನಾನು ಕೇಳಿದ ಅದೇ ಬಣ್ಣ! ಬಸ್ಸಿನಲ್ಲಿ ಮಧುಗಿರಿ ಬರುವ ತನಕ ಒಬ್ಬಳೇ ನಗುತ್ತಿದ್ದೆ.

ಊಟ ಬಿಡಬೇಡ. ಸಂಕ್ರಾಂತಿಗೆ ಬಾ, ಅವರೆಕಾಳು ಸಾರಿನ ಜೊತೆಗೆ ಗಿಟಾರನ್ನೂ ಕೇಳಿಸುತ್ತೇನೆ.

ಬೆರಳ ತುದಿ ಊದಿಸಿಕೊಂಡ ನಿನ್ನ ಅಮ್ಮ,
ಗಂಗಾಂಬಿಕಾ

ತಾ.ಕ.: ಇದು ನಿಮ್ಮಪ್ಪನಿಗೂ ಗೊತ್ತಿಲ್ಲ, ಮಾವನಿಗಂತೂ ಹೇಳಲೇಬೇಡ. ಜಾತಕ ಕೂಡಿ ಬಂದಿತ್ತು. ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ ಎಂದು ಅಯ್ಯನವರು ಎರಡೆರಡು ಸಲ ನೋಡಿ ಹೇಳಿದರು. ನಿನಗೆ ಕೊಟ್ಟ ಮಾತು ಉಳಿಸಲಿಕ್ಕೆ ಸುಳ್ಳು ಹೇಳಿದೆ ಎಂದು ಬರೆಯಬಹುದಿತ್ತು, ಆದರೆ ಅದೂ ಸುಳ್ಳಾಗುತ್ತದೆ. ಅಳಿಯನಾದರೆ ಹೋಳಿಗೆ ಬಡಿಸಿ ಉಪಚಾರ ಮಾಡಬೇಕು, ಅವನ ಎದುರಿಗೆ ಕೂತು ತಪ್ಪು ನುಡಿಸಲಿಕ್ಕಾಗುತ್ತದೆಯೇ? ನಿನಗೆ ಬೇಕಾದಾಗ ಬೇಕಾದವರನ್ನು ನೀನೇ ಹುಡುಕಿಕೋ ತಾಯಿ, ಇವರು ನನಗೆ ಬೇಕು.