ಬೆಕ್ಕಿನದೇನೂ ತಪ್ಪಿಲ್ಲ

ಗುಬ್ಬೀ,

ರಾತ್ರಿಯೆಲ್ಲ ಸೀನಿ ಈಗಷ್ಟೇ ಕಣ್ಣು ಮುಚ್ಚಿದ್ದೀಯ, ಅದಕ್ಕೇ ಎಬ್ಬಿಸದೆ ಹೊರಟೆ.

ಎದ್ದ ಕೂಡಲೇ ದಿಂಬಿನ ಕವರು, ಹೊದಿಕೆ ಎರಡನ್ನೂ ಬಿಸಿನೀರಿಗೆ ಹಾಕು. ಒಳಗೇ ಒಣಗಿಸು, ಬಾಲ್ಕನಿಯಲ್ಲಿ ಬೇಡ. ಕಿಟಕಿಯನ್ನೂ ತೆಗೆಯಬೇಡ, ಬೀದಿಯ ಮರಗಳೆಲ್ಲ ಹೂ ಬಿಟ್ಟಿವೆ. ಮಾತ್ರೆ ಫ್ರಿಜ್ ಮೇಲಿದೆ. ಖಾಲಿ ಹೊಟ್ಟೆಯಲ್ಲಿ ನುಂಗಬೇಡ. ಎಷ್ಟು ಸಲ ಹೇಳಿದರೂ ನಿನ್ನದು ಅದೇ ಕಥೆ.

ಬೆಳಿಗ್ಗೆ ನಿನ್ನ ಮೇಲಿಂದ ನನ್ನ ಕೆಲಸದ ಕೋಟು ಎತ್ತಿಕೊಂಡಾಗ ದಿಂಬಿನ ಮೇಲೆ ಹಳದಿ ಪುಡಿ ಉದುರಿತು. ದಿನವಿಡೀ ಆ ಮರಗಳ ಕೊಂಬೆ ಕತ್ತರಿಸುವವನು ನಾನು. ಪರಾಗವೆಲ್ಲ ಕೋಟಿಗೆ ಮೆತ್ತಿಕೊಂಡು ಮನೆಗೆ ಬರುತ್ತದೆ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ನೀನು ಸೀನಿದಾಗಲೆಲ್ಲ ಚಳಿಯಾಗಿರಬೇಕು ಅಂತ ಅದನ್ನೇ ತಂದು ಹೊದಿಸುತ್ತಿದ್ದೆ.

ಸಾಲದು ಅಂತ ಬೆಕ್ಕಿನ ಮೇಲೆ ಗೂಬೆ ಕೂರಿಸಿದೆ. "ಇದರ ಕೂದಲೇ ನಿಂಗೆ ಆಗ್ತಿಲ್ಲ" ಅಂತ ಹಟ ಹಿಡಿದು, ಪಾಪ, ಸೋಮಾರಿಯನ್ನು ಚಿಕ್ಕಮ್ಮನ ಮನೆಗೆ ಸಾಗಹಾಕಿದೆ. "ಬೇಡಪ್ಪಾ, ಅದೇನ್ ಮಾಡಿದೆ?" ಅಂತ ನೀನು ಬುಟ್ಟಿ ಬಿಡದೆ ಅತ್ತರೂ ಕೇಳಲಿಲ್ಲ. ನಿನ್ನ ಬೆರಳು ಒಂದೊಂದಾಗಿ ಬಿಡಿಸಿದವನೂ ನಾನೇ ಮಗಳೇ.

ಇನ್ನು ಮೇಲೆ ಕೋಟಿನ ಜಾಗ ಬಾಗಿಲ ಹೊರಗೆ. ನಾನೂ ಸ್ನಾನ ಮಾಡಿಯೇ ನಿನ್ನ ಹತ್ತಿರ ಬರುತ್ತೇನೆ.

ಚಿಕ್ಕಮ್ಮನಿಗೆ ಫೋನ್ ಮಾಡಿದ್ದೇನೆ, ಸಂಜೆ ಸೋಮಾರಿಯನ್ನು ತಂದು ಬಿಡುತ್ತಾಳೆ. ಅದರ ತಟ್ಟೆ ಅಟ್ಟದ ಮೇಲೆ ಎಸೆದಿದ್ದೆ, ಇಳಿಸಿ ತೊಳೆದಿಡು.

ಅದು ನನ್ನನ್ನು ಪರಚಿದರೆ ಬಿಡಿಸೋಕೆ ಬರಬೇಡ.

ಅಪ್ಪ